ಜೀವಕೋಶದ ಕೋಟೆಯನ್ನು ಹೊಗುವ ಬಗೆ

ನಮ್ಮ ಊರಿನ ಹೆಸರಿನಲ್ಲಿಯೇ ಕೋಟೆಯುಂಟು. ನಮ್ಮ ದೇಹದ ಪ್ರತಿಯೊಂದು ಜೀವಕೋಶಕ್ಕೂ ಅಂತಹುದೇ ಒಂದು ಕೋಟೆಗೋಡೆಯಿದೆ. ಅದು ಕೊಬ್ಬಿನಿಂದಾದ ತೆಳುವಾದ ಪೊರೆ. ಹೆತ್ತವರಿಂದ ಮಕ್ಕಳಿಗೆ ಬರುವ ವಂಶವಾಹಿಗಳು ಅದರೊಳಗೆ ಡಿ.ಎನ್.ಎ. ಎಂಬ ನೂಲಿನ ರೂಪದಲ್ಲಿರುತ್ತವೆ. ಅವುಗಳಲ್ಲೊಂದು ಕೆಟ್ಟಿದ್ದರೆ ಹುಟ್ಟಿನಿಂದಲೇ ರೋಗವು ಬರುವುದುಂಟು. ಸರಿಯಾದ ವಂಶವಾಹಿಯನ್ನು ಪ್ರಯೋಗಶಾಲೆಯಲ್ಲಿ ಸಿದ್ಧಪಡಿಸಬಹುದು. ಅದನ್ನು ಕೋಟೆಯೊಳಕ್ಕೆ ಸಾಗಿಸುವುದೇ ಕಷ್ಟ.

ಕೋಶವನ್ನು ಹೊಗುವುದರಲ್ಲಿ ವೈರಸ್ಸು ನಿಪುಣ. ಆದಕಾರಣ ಅದನ್ನೇ ಪಳಗಿಸಿ ವಾಹಕವನ್ನಾಗಿ ಮಾಡಿಕೊಂಡರು. ಆದರೆ ದೇಹವು ಅದನ್ನು ಶತ್ರುವೆಂದು ಬಗೆದು ಉಗ್ರವಾಗಿ ಎದುರಿಸಬಹುದು. 1999ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ, ಅಮೋನಿಯವನ್ನು ಹೊರಹಾಕಲಾರದ ಆನುವಂಶಿಕ ರೋಗವಿದ್ದ 18 ವರ್ಷದ ತರುಣನೊಬ್ಬನು ಇಂತಹ ಪ್ರಯೋಗದಲ್ಲಿ ಅಸುನೀಗಿದನು.

ಹಾಗಾದರೆ ವೈರಸ್ಸಿನ ನೆರವಿಲ್ಲದೆ ಸಾಗಿಸಲು ಸಾಧ್ಯವೇ? 1987ರಲ್ಲಿ ಫೆಲ್ಗ್ನರ್ ಮತ್ತು ಅವರ ಸಂಗಡಿಗರು ರಾಸಾಯನಿಕವಾಗಿ ತಯಾರಿಸಿದ ಕೊಬ್ಬಿನಿಂದ ಇದನ್ನು ಸಾಧಿಸಿ ತೋರಿಸಿದರು. ಸೋಪಿನ ಅಣುವಿನಂತೆ ಈ ಕೊಬ್ಬಿನ ಅಣುವಿಗೂ ನೀರನ್ನು ಬಯಸುವ ತಲೆ, ನೀರನ್ನು ಒಲ್ಲದ ಬಾಲ ಇವೆ. ತಲೆಯಲ್ಲಿ ಧನವಿದ್ಯುತ್ತು, ಡಿ.ಎನ್.ಎ.ಯಲ್ಲಿ ಋಣವಿದ್ಯುತ್ತು. ಎರಡೂ ಒಂದನ್ನೊಂದು ಸೆಳೆದು ಸಣ್ಣ ಗಂಟಾಗುತ್ತವೆ. ಕೋಶವು ಆ ಗಂಟನ್ನು ನುಂಗಿ ಒಂದು ಚೀಲದಲ್ಲಿಡುತ್ತದೆ. ಚೀಲದಿಂದ ಬೇಗನೆ ಹೊರಬರದಿದ್ದರೆ ಸರಕು ಅಲ್ಲಿಯೇ ಜೀರ್ಣವಾಗಿಹೋಗುವುದು. ಧನವಿದ್ಯುತ್ತು ಹೆಚ್ಚಾದರೆ ಕೋಶಕ್ಕೇ ಹಾನಿ. ಆದುದರಿಂದ ರಕ್ತದಲ್ಲಿ ತಟಸ್ಥವಾಗಿದ್ದು, ಆ ಚೀಲದ ಆಮ್ಲದಲ್ಲಿ ಮಾತ್ರ ಧನವಿದ್ಯುತ್ತನ್ನು ತಳೆಯುವ ಕೊಬ್ಬುಗಳನ್ನು ಮುಂದೆ ರಚಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಸಂತನು ಭಟ್ಟಾಚಾರ್ಯ, ಪಟೂರು ಕೊಂಡಯ್ಯ ಮೊದಲಾದವರು ಕೊಲೆಸ್ಟರಾಲಿನಿಂದ ಇಂತಹ ವಾಹಕಗಳನ್ನು ನಿರ್ಮಿಸಿ ಪರೀಕ್ಷಿಸಿದರು.

ಅದೇ ಫಿಲಡೆಲ್ಫಿಯಾದಲ್ಲಿ 2025ರಲ್ಲಿ, ಅಮೋನಿಯಕ್ಕೆ ಸಂಬಂಧಿಸಿದ ಇನ್ನೊಂದು ರೋಗದಿಂದ ಬಳಲುತ್ತಿದ್ದ ಶಿಶುವಿಗೆ, ವಂಶವಾಹಿಯ ದೋಷವನ್ನು ತಿದ್ದುವ ಆರ್.ಎನ್.ಎ.ಯನ್ನು ಕೊಬ್ಬಿನ ಕಣಗಳಲ್ಲಿಟ್ಟು ಕೊಟ್ಟರು. ಮೂರು ಬಾರಿ ಔಷಧ ಪಡೆದ ಶಿಶುವು ಚೇತರಿಸಿಕೊಂಡು ಮನೆಗೆ ಮರಳಿತು.

ಆದರೂ ಇದು ಸರ್ವರೋಗನಿವಾರಕವಲ್ಲ. ರಕ್ತಕ್ಕೆ ಚುಚ್ಚಿದ ಈ ಕಣಗಳು ಹೆಚ್ಚಾಗಿ ಯಕೃತ್ತನ್ನೇ ಸೇರುತ್ತವೆ. ಬೇರೆ ಅಂಗಗಳನ್ನು ತಲಪಿಸುವುದು ಇನ್ನೂ ದುಸ್ತರ. ನಮಗೆ ಸಮೀಪದ ವೆಲ್ಲೂರಿನಲ್ಲಿ ಹೀಮೊಫಿಲಿಯಾ ರೋಗಿಗಳು ಐವರಿಗೆ ನಡೆಸಿ 2024ರಲ್ಲಿ ಪ್ರಕಟಿಸಿದ ಚಿಕಿತ್ಸೆಯಲ್ಲಿಯೂ ವಾಹಕವಾಗಿದ್ದುದು ಪಳಗಿಸಿದ ವೈರಸ್ಸೇ.

ಆದಕಾರಣ ತಂದೆತಾಯಿಗಳು ಮನೆತನದ ರೋಗವನ್ನು ಮುಚ್ಚಿಡದೆ, ಜಾಹೀರಾತುಗಳಿಗೆ ಮರುಳಾಗದೆ, ತಜ್ಞ ವೈದ್ಯರ ಸಲಹೆಯನ್ನು ಪಡೆಯಲೆಂಬುದು ನಮ್ಮ ಬಿನ್ನಹ. ಸೋಪು ಎಣ್ಣೆಯನ್ನು ಹೇಗೆ ತೊಳೆಯುತ್ತದೆಂದು ಕೇಳುವ ವಿದ್ಯಾರ್ಥಿಯು ಈ ಶಾಸ್ತ್ರದ ಮೊದಲ ಮೆಟ್ಟಿಲನ್ನು ಆಗಲೇ ಏರಿದ್ದಾನೆ.