ಮಿನಿ ಟ್ರ್ಯಾಕ್ಟರಿನ ಮುಂದಿನ ಗಾಲಿಯ ಬೇರಿಂಗು

ನಮ್ಮ ತಾಳವಾಡಿ ಸೀಮೆಯಲ್ಲಿ ಎತ್ತಿನ ಜಾಗಕ್ಕೆ ಮಿನಿ ಟ್ರ್ಯಾಕ್ಟರು ಬಂದು ವರ್ಷಗಳಾದವು. ಕೋಸು, ಆಲೂಗಡ್ಡೆ, ಬೆಳ್ಳುಳ್ಳಿ, ಅರಿಸಿನದ ಹೊಲಗಳಲ್ಲಿ ದೊಡ್ಡ ಟ್ರ್ಯಾಕ್ಟರು ತಿರುಗಲಾರದ ಕಡೆ ಇದು ತಿರುಗುತ್ತದೆ. ಎಂಜಿನ್ ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸುವ ರೈತರು ಕೂಡ ಮುಂದಿನ ಗಾಲಿಗಳ ಕಡೆ ಗಮನ ಕೊಡುವುದಿಲ್ಲ. ಎಳೆಯುವ ಕೆಲಸ ಹಿಂದಿನ ಗಾಲಿಗಳದ್ದು, ಭಾರದ ಹೆಚ್ಚಿನ ಪಾಲೂ ಅವುಗಳ ಮೇಲೆಯೇ, ಆದ್ದರಿಂದ ಈ ಅಲಕ್ಷ್ಯ. ಆದರೆ ವಾಹನಕ್ಕೆ ದಾರಿ ತೋರಿಸುವುದು ಮುಂದಿನ ಗಾಲಿ. ಅದರ ಬೇರಿಂಗು ಪುಡಿಯಾದರೆ ಗಾಲಿ ಓಲಾಡುತ್ತದೆ, ಕೊನೆಗೆ ಬಿಗಿದು ನಿಲ್ಲುತ್ತದೆ ಅಥವಾ ಕಳಚಿಯೇ ಹೋಗುತ್ತದೆ. ಹೊಲದಲ್ಲಾದರೆ ಒಂದು ದಿನದ ಕೆಲಸ ಕೆಟ್ಟಿತು, ಅಷ್ಟೆ. ಹಿಂದೆ ಟ್ರೇಲರು, ಅದರಲ್ಲಿ ಕೂಲಿಯವರೋ ಭಾನುವಾರ ಪೂಜೆಗೆ ಹೊರಟ ಮಕ್ಕಳೋ ಇದ್ದು, ಇಳಿಜಾರಿನಲ್ಲಿ ಹೀಗಾದರೆ? ಟ್ರೇಲರಿನಲ್ಲಿ ಜನರನ್ನು ಕೂರಿಸುವುದೇ ತಪ್ಪು. ಆದರೂ ಕೂರಿಸುತ್ತಿದ್ದೇವೆ.

ಬೇರಿಂಗು ಕೆಟ್ಟಿದೆಯೇ ಎಂದು ತಿಳಿಯಲು ಮೆಕ್ಯಾನಿಕ್ ಬೇಕಿಲ್ಲ. ಗಾಲಿಯನ್ನು ನೆಲದಿಂದ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಒಳಕ್ಕೂ ಹೊರಕ್ಕೂ ಅಲ್ಲಾಡಿಸಿ. ಆಟ ಕಂಡರೆ, ಇನ್ನೊಬ್ಬರು ಗಾಲಿಯ ಹಿಂಭಾಗವನ್ನು ನೋಡಲಿ. ಗಾಲಿ ಮಾತ್ರ ಅಲ್ಲಾಡಿ ಸ್ಟಬ್ ಆಕ್ಸಲ್ ಸುಮ್ಮನಿದ್ದರೆ ದೋಷ ಬೇರಿಂಗಿನದು. ಎರಡೂ ಒಟ್ಟಿಗೆ ಅಲ್ಲಾಡಿದರೆ ಕಿಂಗ್ ಪಿನ್ನಿನ ಬುಷ್ ಸವೆದಿದೆ, ಆಗ ಬೇರಿಂಗು ಬದಲಿಸಿ ಪ್ರಯೋಜನವಿಲ್ಲ. ಅನಂತರ ಗಾಲಿಯನ್ನು ಕೈಯಿಂದ ಸುತ್ತಿಸಿ. ಕರಕರ ಸದ್ದು ಬಂದರೆ, ಅಥವಾ ಒಂದಷ್ಟು ದೂರ ಓಡಿಸಿ ಬಂದ ಮೇಲೆ ಹಬ್ಬು ಕೈ ಇಡಲಾಗದಷ್ಟು ಕಾದಿದ್ದರೆ, ಬಿಚ್ಚಿ ನೋಡಲೇಬೇಕು.

ಎರಡು ಗಾಲಿಗಳಿಗೆ ಮಾತ್ರ ಶಕ್ತಿಯಿರುವ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಪ್ರತಿ ಮುಂದಿನ ಗಾಲಿಗೆ ಎರಡು ಬೇರಿಂಗುಗಳಿರುತ್ತವೆ. ಒಳಗಿನದು ದೊಡ್ಡದು, ಹೊರಗಿನದು ಚಿಕ್ಕದು. ಹೆಚ್ಚಿನವುಗಳಲ್ಲಿ ಇವು ಓರೆ ರೋಲರಿನ ಟೇಪರ್ ಬೇರಿಂಗುಗಳು. ಅಮೆರಿಕದ ಹೆನ್ರಿ ಟಿಮ್ಕೆನ್ 1898ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಕುದುರೆ ಬಂಡಿಗಳ ಕಾಲದಲ್ಲಿ. ಮೇಲಿನ ಭಾರವನ್ನೂ ತಿರುವಿನಲ್ಲಿ ಪಕ್ಕದಿಂದ ಬೀಳುವ ನೂಕನ್ನೂ ಒಟ್ಟಿಗೆ ತಡೆಯುವುದು ಇದರ ಗುಣ. ನಾಲ್ಕೂ ಗಾಲಿಗೆ ಶಕ್ತಿಯಿರುವ ಟ್ರ್ಯಾಕ್ಟರಿನಲ್ಲಾದರೆ ಮುಂದಿನ ಹಬ್ಬಿನೊಳಗೆ ಗೇರುಗಳಿರುತ್ತವೆ. ಅದನ್ನು ಮನೆಯಲ್ಲಿ ಬಿಚ್ಚಬೇಡಿ.

ಕೊಳ್ಳುವಾಗ ಹಳೆಯ ಬೇರಿಂಗನ್ನು ಕೈಯಲ್ಲಿ ಹಿಡಿದುಕೊಂಡೇ ಚಾಮರಾಜನಗರಕ್ಕೋ ಸತ್ಯಮಂಗಲಕ್ಕೋ ಹೋಗಿ. ದಿಂಬಂ ಘಾಟಿಯ 27 ತಿರುವುಗಳನ್ನು ಎರಡು ಸಲ ಇಳಿದು ಹತ್ತುವುದಕ್ಕಿಂತ ಅದು ಮೇಲು. ಅದರ ಮೇಲೆ ಸಂಖ್ಯೆ ಕೆತ್ತಿರುತ್ತದೆ. 30205 ಎಂದಿದ್ದರೆ ಕೊನೆಯ 05ನ್ನು 5ರಿಂದ ಗುಣಿಸಿ: ಒಳವ್ಯಾಸ 25 ಮಿ.ಮೀ. ಇದರ ಹೊರವ್ಯಾಸ 52 ಮಿ.ಮೀ. 30206 ಆದರೆ 30 ಮತ್ತು 62. ಗುಂಡು ಬೇರಿಂಗಿಗೂ ಇದೇ ಲೆಕ್ಕ. 6205 ಎಂದರೆ 25 ಮಿ.ಮೀ. ಆದರೆ 03 ಎಂದರೆ 17 ಮಿ.ಮೀ., 02 ಎಂದರೆ 15. ಅಲ್ಲಿ ಗುಣಾಕಾರ ನಡೆಯದು. ಇಂಚಿನ ಅಳತೆಯವಕ್ಕೆ ಕೋನಿಗೊಂದು, ಕಪ್ಪಿಗೊಂದು ಬೇರೆ ಬೇರೆ ಸಂಖ್ಯೆ ಇರುತ್ತದೆ. ಎರಡನ್ನೂ ಬರೆದುಕೊಳ್ಳಿ. “ಇದೇ ಬರುತ್ತೆ ಸ್ವಾಮಿ” ಎಂದು ಅಂಗಡಿಯವರು ಕೊಟ್ಟದ್ದನ್ನು ಸಂಖ್ಯೆ ನೋಡದೆ ತರಬೇಡಿ. ಹೆಸರಾಂತ ಕಂಪನಿಗಳ ಡಬ್ಬಿಯಲ್ಲಿ ನಕಲಿ ಮಾಲು ಬರುವುದುಂಟು. ಡಬ್ಬಿಯ ಮೇಲಿನ ಅಕ್ಷರವನ್ನಲ್ಲ, ಉಕ್ಕಿನ ಮೇಲಿನ ಅಕ್ಷರವನ್ನು ನೋಡಿ, ಬಿಲ್ಲು ಕೇಳಿ. ಕೋನು ಮಾತ್ರ ಹೊಸದು ಹಾಕಿ ಹಳೆಯ ಕಪ್ಪನ್ನೇ ಉಳಿಸುವ ಜಿಪುಣತನ ದುಬಾರಿಯಾಗುತ್ತದೆ. ಆಯಿಲ್ ಸೀಲು, ಸ್ಪ್ಲಿಟ್ ಪಿನ್ ಹೊಸದಾಗಿಯೇ ಬೇಕು.

ಬಿಚ್ಚುವಾಗ ಮೊದಲ ಚಿಂತೆ ನಿಮ್ಮ ಪ್ರಾಣದ್ದು. ಗಟ್ಟಿಯಾದ ಸಮನೆಲದಲ್ಲಿ ನಿಲ್ಲಿಸಿ, ಬ್ರೇಕು ಹಾಕಿ, ಹಿಂದಿನ ಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಮುಂದಿನ ಆಕ್ಸಲ್ ನಡುವಿನ ಪಿನ್ನಿನ ಮೇಲೆ ತೂಗುತ್ತದೆ. ಒಂದು ಬದಿ ಎತ್ತಿದಾಗ ಮೈಯೆಲ್ಲ ವಾಲಬಹುದು. ಆದ್ದರಿಂದ ಆಕ್ಸಲಿಗೂ ಚಾಸಿಗೂ ನಡುವೆ ಮರದ ಬೆಣೆ ಬಡಿಯಿರಿ. ಜಾಕಿಯೊಂದನ್ನೇ ನಂಬಬಾರದು, ಆಕ್ಸಲಿನ ಕೆಳಗೆ ಗಟ್ಟಿ ಮರದ ದಿಮ್ಮಿ ಇಡಬೇಕು. ಇಟ್ಟಿಗೆ, ಹಾಲೋ ಬ್ಲಾಕು ಬೇಡ, ಅವು ಹೇಳದೆ ಕೇಳದೆ ಒಡೆಯುತ್ತವೆ.

ಕಪ್ಪು ಹಬ್ಬಿನೊಳಗೆ ಬಿಗಿಯಾಗಿ ಕೂತಿರುತ್ತದೆ. ಹಿತ್ತಾಳೆ ಸರಳಿನಿಂದ ಒಳಗಿನಿಂದ ಒಮ್ಮೆ ಈ ಬದಿ, ಒಮ್ಮೆ ಆ ಬದಿ ಬಡಿದು ಹೊರತನ್ನಿ. ಹೊಸದನ್ನು ಕೂರಿಸಲು ಹಳೆಯ ಕಪ್ಪನ್ನೇ ಮೇಲಿಟ್ಟು ಬಡಿದರೆ ನೇರವಾಗಿ ಇಳಿಯುತ್ತದೆ. ಗಟ್ಟಿ ಉಕ್ಕಿನ ಮೇಲೆ ಸುತ್ತಿಗೆ ಬಿದ್ದಾಗ ಚೂರು ಸಿಡಿಯುತ್ತದೆ, ಕನ್ನಡಕವಿಲ್ಲದೆ ಈ ಕೆಲಸ ಮಾಡಬೇಡಿ. ಕಣ್ಣಿಗೆ ಚೂರು ಹೊಕ್ಕರೆ ಉಜ್ಜದೆ, ಎಲೆಯ ರಸ ಹಿಂಡದೆ, ನೇರ ಆಸ್ಪತ್ರೆಗೆ ಹೋಗಬೇಕು. ಕಪ್ಪು ಹಬ್ಬಿನಲ್ಲಿ ಸಡಿಲವಾಗಿ ತಿರುಗುವಂತಿದ್ದರೆ ಹಬ್ಬೇ ಸವೆದಿದೆ ಎಂದರ್ಥ; ತಗಡು ತುರುಕಿ ಬಿಗಿ ಮಾಡುವ ಉಪಾಯ ಹೆಚ್ಚು ದಿನ ಬಾಳದು. ಕೋನು ಆಕ್ಸಲಿನ ಮೇಲೆ ಕೈಯಿಂದ ಜಾರುವುದು ಮಾತ್ರ ಸಹಜ. ತೊಳೆದ ಬೇರಿಂಗನ್ನು ಕಂಪ್ರೆಸರಿನ ಗಾಳಿಯಿಂದ ಗಿರ್ರೆಂದು ತಿರುಗಿಸಬೇಡಿ, ರೋಲರುಗಳು ಸಿಡಿದಾವು. ಡೀಸೆಲಿನಲ್ಲಿ ಕೈ ನೆನೆಸುತ್ತ ಕೂತರೆ ಚರ್ಮ ಒಡೆದು ಕಜ್ಜಿಯಾಗುತ್ತದೆ. ಬ್ರಷ್ ಬಳಸಿ, ಬಳಿಕ ಸೋಪಿನಿಂದ ತೊಳೆಯಿರಿ. ಆ ಡೀಸೆಲನ್ನು ಬಾವಿಯ ಹತ್ತಿರ ಚೆಲ್ಲಬಾರದು.

ಗ್ರೀಸನ್ನು ಬೇರಿಂಗಿನ ಮೇಲೆ ಬಳಿದರೆ ಸಾಲದು. ಅಂಗೈಯಲ್ಲಿ ಒಂದು ಮುದ್ದೆ ಲಿಥಿಯಂ ಗ್ರೀಸು ತೆಗೆದುಕೊಂಡು, ಕೋನಿನ ಅಗಲದ ಅಂಚನ್ನು ಅದಕ್ಕೆ ಒತ್ತುತ್ತ ಹೋಗಿ. ಇನ್ನೊಂದು ಬದಿಯಿಂದ ಗ್ರೀಸು ಇಣುಕಿದಾಗ ತುಂಬಿತೆಂದು ತಿಳಿಯಿರಿ. ಹಳೆಯ ಬೇರೆ ಜಾತಿಯ ಗ್ರೀಸಿನೊಡನೆ ಬೆರೆಸಬೇಡಿ. ಸೀಲಿನ ತುಟಿ ಯಾವ ಕಡೆ ಮುಖ ಮಾಡಿತ್ತು ಎಂಬುದನ್ನು ತೆಗೆಯುವಾಗಲೇ ನೋಡಿಟ್ಟುಕೊಂಡು ಹಾಗೆಯೇ ಹಾಕಿ.

ಕೊನೆಯದಾಗಿ ನಟ್ಟು ಬಿಗಿಯುವುದು. ಗಟ್ಟಿಯಾಗಿ ಬಿಗಿದರೆ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಟೇಪರ್ ಬೇರಿಂಗಿಗೆ ಅದೇ ಮೃತ್ಯು. ಬಿಸಿಯಾಗಿ ನೀಲಿ ಬಣ್ಣಕ್ಕೆ ತಿರುಗಿ ಸುಟ್ಟುಹೋಗುತ್ತದೆ. ಗಾಲಿಯನ್ನು ಸುತ್ತಿಸುತ್ತಲೇ ನಟ್ಟು ಬಿಗಿಯಿರಿ, ಗಾಲಿ ತಡೆದಂತಾದಾಗ ನಿಲ್ಲಿಸಿ. ಆಮೇಲೆ ಪಿನ್ನು ಹೊಕ್ಕುವ ಮುಂದಿನ ಗಾಡಿಗೆ ಸೇರುವಷ್ಟು ನಟ್ಟನ್ನು ಹಿಂದಕ್ಕೆ ಬಿಡಿ. ಗಾಲಿ ಸಲೀಸಾಗಿ ಸುತ್ತಬೇಕು, ಅಲ್ಲಾಡಿಸಿದರೆ ಆಟ ತಿಳಿಯಬಾರದು. ನಿಮ್ಮ ಟ್ರ್ಯಾಕ್ಟರಿನ ಕೈಪಿಡಿ ಬೇರೆ ಅಳತೆ ಹೇಳಿದ್ದರೆ ಅದನ್ನೇ ಪಾಲಿಸಿ. ಪಿನ್ನಿನ ಕಾಲುಗಳನ್ನು ಮಡಚಿ, ಟೋಪಿ ಹಾಕಿ, ಹತ್ತು ಗಂಟೆ ಕೆಲಸವಾದ ಮೇಲೆ ಗಾಲಿ ಎತ್ತಿ ಇನ್ನೊಮ್ಮೆ ಅಲ್ಲಾಡಿಸಿ ನೋಡಿ.