ಇಬ್ಬರಿಗೂ ಒಂದೇ ಅಡಿಗೆ

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬುದು ನಮ್ಮ ಹಿರಿಯರ ಗಾದೆ. ಆರೋಗ್ಯವನ್ನು ಕುರಿತು ಮಾತನಾಡುವಾಗ ನಾವು ಗಾದೆಯ ಪೂರ್ವಾರ್ಧವನ್ನಷ್ಟೇ ಉದ್ಧರಿಸಿ, ಉತ್ತರಾರ್ಧವನ್ನು ಬಿಟ್ಟುಬಿಡುವುದುಂಟು. ಆದರೆ ಗಂಡ ಹೆಂಡಿರಿಬ್ಬರೇ ಇರುವ ಮನೆಯಲ್ಲಿ ಊಟದ ಕ್ರಮವನ್ನು ಬದಲಿಸಲು ಹೊರಟಾಗ ಎರಡು ಅರ್ಧಗಳೂ ಒಟ್ಟಿಗೇ ಬೇಕಾಗುತ್ತವೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳು ಈಗ ಇಬ್ಬರ ಕುಟುಂಬಗಳೇ. ಮಕ್ಕಳು ಉದ್ಯೋಗ ನಿಮಿತ್ತ ದೂರ ಹೋಗಿದ್ದಾರೆ. ದೇಹಕ್ಕೆ ಹಿಂದಿನ ಓಡಾಟವಿಲ್ಲ. ಆದರೂ ಅಕ್ಕಿ ಅಳೆಯುವ ಕೈ ಮಾತ್ರ ಮನೆ ತುಂಬ ಜನರಿದ್ದ ಕಾಲದ್ದೇ ಆಗಿರುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶದಾದ್ಯಂತ ನಡೆದ ಸಮೀಕ್ಷೆಯ ಫಲಿತಾಂಶವು 2023ರಲ್ಲಿ ಪ್ರಕಟವಾಯಿತು. ಅದರಂತೆ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನರು ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಅದೇ ಸಮೀಕ್ಷೆಯ ಆಹಾರ ವಿವರಗಳು 2025ರಲ್ಲಿ ಹೊರಬಂದಾಗ, ನಾವು ದಿನದ ಶಕ್ತಿಯಲ್ಲಿ ಶೇಕಡಾ 62ರಷ್ಟನ್ನು ಶರ್ಕರಪಿಷ್ಟಗಳಿಂದಲೇ ಪಡೆಯುತ್ತಿರುವುದು ತಿಳಿದುಬಂದಿತು.

ಪಿಷ್ಟದ ಲೆಕ್ಕ

ಅಕ್ಕಿ, ಗೋಧಿ, ಜೋಳ, ರಾಗಿ, ಆಲೂಗಡ್ಡೆ, ಸಕ್ಕರೆ, ಬೆಲ್ಲ ಇವೆಲ್ಲವುಗಳ ಮುಖ್ಯಾಂಶ ಶರ್ಕರಪಿಷ್ಟ, ಅಂದರೆ ಕಾರ್ಬೋಹೈಡ್ರೇಟ್. ಇದು ಜೀರ್ಣವಾಗಿ ಗ್ಲೂಕೋಸ್ ರೂಪದಲ್ಲಿ ರಕ್ತವನ್ನು ಸೇರುತ್ತದೆ. ಆಗ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ರಸವನ್ನು ಸ್ರವಿಸಿ ಆ ಗ್ಲೂಕೋಸನ್ನು ಜೀವಕೋಶಗಳಿಗೆ ಸಾಗಿಸುತ್ತದೆ. ಹೊಟ್ಟೆಯ ಸುತ್ತ ಕೊಬ್ಬು ಶೇಖರವಾದಂತೆ ಇನ್ಸುಲಿನ್ನಿನ ಮಾತು ನಡೆಯದಾಗುತ್ತದೆ. ಗ್ರಂಥಿಯು ಹೆಚ್ಚು ಹೆಚ್ಚು ದುಡಿದು ಕೊನೆಗೆ ಬಳಲುತ್ತದೆ. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರನ್ನು ದಾಟಿದರೆ ಎಚ್ಚರಗೊಳ್ಳಬೇಕೆಂದು ವೈದ್ಯರು ಹೇಳುವುದು ಇದೇ ಕಾರಣದಿಂದ.

ನಮ್ಮ ಸಾಂಪ್ರದಾಯಿಕ ಊಟವನ್ನು ಗಮನಿಸಿ. ಹುಳಿಯನ್ನ, ಸಾರನ್ನ, ಮೊಸರನ್ನ ಎಂದು ಊಟದ ಹಂತಗಳನ್ನೇ ನಾವು ಅನ್ನದಿಂದ ಎಣಿಸುತ್ತೇವೆ. ಹೊರನಾಡಿಗೆ ಬಂದ ಮೇಲೆ ಚಪಾತಿಯೂ ಎಲೆಗೆ ಬಂದಿತು; ಆದರೆ ಅನ್ನವು ತನ್ನ ಸ್ಥಾನವನ್ನು ಬಿಟ್ಟುಕೊಡಲಿಲ್ಲ. ಬೆಳಗಿನ ಉಪ್ಪಿಟ್ಟು, ಅವಲಕ್ಕಿ, ಶ್ಯಾವಿಗೆ. ಚಪಾತಿಗೆ ಆಲೂಗಡ್ಡೆ ಪಲ್ಯ. ಸಂಜೆ ಚಹಾದೊಡನೆ ಬಿಸ್ಕತ್ತು, ಇಲ್ಲವೇ ವಡಾಪಾವ್. ಹೆಸರು ಬೇರೆ, ಪದಾರ್ಥ ಒಂದೇ. ಉಪವಾಸದ ದಿನ ಮಹಾರಾಷ್ಟ್ರದ ನಮ್ಮ ಬಂಧುಗಳು ಮಾಡುವ ಸಾಬೂದಾಣೆ ಖಿಚಡಿಯೂ ಇದಕ್ಕೆ ಹೊರತಲ್ಲ. 100 ಗ್ರಾಂ ಸಾಬಕ್ಕಿಯಲ್ಲಿ 87 ಗ್ರಾಂ ಪಿಷ್ಟವೇ ಇದ್ದು, ಸಸಾರಜನಕವು ಇಲ್ಲವೆನ್ನುವಷ್ಟು ಕಡಿಮೆ.

ಎಷ್ಟು ಕಡಿಮೆ ಮಾಡಬೇಕು?

ಅನ್ನವನ್ನು ಪೂರ್ಣವಾಗಿ ತ್ಯಜಿಸಬೇಕೆಂದು ಯಾರೂ ಹೆದರಬೇಕಾಗಿಲ್ಲ. ಮೇಲೆ ಹೇಳಿದ ಸಮೀಕ್ಷೆಯ ತಜ್ಞರೇ 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಹೊಸದಾಗಿ ಮಧುಮೇಹ ಕಾಣಿಸಿಕೊಂಡವರು ಪಿಷ್ಟದ ಪಾಲನ್ನು ಶೇಕಡಾ 49ರಿಂದ 54ಕ್ಕೆ ಇಳಿಸಿ, ಸಸಾರಜನಕವನ್ನು ಶೇಕಡಾ 20ರ ಸಮೀಪಕ್ಕೆ ಏರಿಸುವುದು ಹಿತಕರ. ಈ ಅಂಕಿಗಳನ್ನು ಅಡಿಗೆಮನೆಯ ಭಾಷೆಗೆ ತರೋಣ. ದಿನಕ್ಕೆ 1800 ಕ್ಯಾಲೊರಿ ಸೇವಿಸುವವರು ಪಿಷ್ಟದ ಪಾಲನ್ನು ಶೇಕಡಾ 62ರಿಂದ 52ಕ್ಕೆ ಇಳಿಸಬೇಕಾದರೆ ಬಿಡಬೇಕಾದದ್ದು 180 ಕ್ಯಾಲೊರಿ. ಒಂದು ಗ್ರಾಂ ಪಿಷ್ಟಕ್ಕೆ 4 ಕ್ಯಾಲೊರಿಯಂತೆ ಅದು 45 ಗ್ರಾಂ ಪಿಷ್ಟವಾಯಿತು. ಅಕ್ಕಿಯ ಲೆಕ್ಕದಲ್ಲಿ ಹೇಳುವುದಾದರೆ ದಿನಕ್ಕೆ ಸುಮಾರು 60 ಗ್ರಾಂ, ಅಂದರೆ ಬೆಂದ ಮೇಲೆ ಒಂದು ದೊಡ್ಡ ಬಟ್ಟಲು ಅನ್ನ. ತ್ಯಾಗ ಇಷ್ಟೇ.

ಇದರಲ್ಲಿ ಕೆಲವು ಪಾಲನ್ನು ಸಕ್ಕರೆಯಿಂದಲೇ ಉಳಿಸಬಹುದು. ದಿನಕ್ಕೆ ನಾಲ್ಕು ಬಾರಿ ಕಾಫಿ ಕುಡಿದು, ಪ್ರತಿ ಲೋಟಕ್ಕೆ ಎರಡು ಚಮಚೆಯಂತೆ ಹಾಕಿಕೊಂಡರೆ 40 ಗ್ರಾಂ ಸಕ್ಕರೆಯಾಯಿತು. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳಿತೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ. ಬೆಲ್ಲವಾದರೆ ದೋಷವಿಲ್ಲವೆಂಬುದು ಕೇವಲ ಭ್ರಮೆ.

ಧಾನ್ಯ ಬದಲಿಸಿದರೆ ಸಾಲದು

2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ರಾಗಿ, ನವಣೆ, ಸಾಮೆಗಳಿಗೆ ಮತ್ತೆ ಮನ್ನಣೆ ದೊರೆತಿರುವುದು ಸಂತೋಷದ ವಿಷಯ. ರಾಗಿಯಲ್ಲಿ ಸುಣ್ಣದಂಶ ಹೇರಳವಾಗಿದೆ. 100 ಗ್ರಾಮಿಗೆ 344 ಮಿಲಿಗ್ರಾಂ. ಜೋಳದಲ್ಲಿ ಅಕ್ಕಿಗಿಂತ ಸಸಾರಜನಕ ಹೆಚ್ಚು. ಆದರೆ ಪಿಷ್ಟದ ಮಾತು ಬಂದಾಗ 100 ಗ್ರಾಂ ಅಕ್ಕಿಯಲ್ಲಿ 78 ಗ್ರಾಂ ಇದ್ದರೆ, ರಾಗಿ ಮತ್ತು ಜೋಳಗಳಲ್ಲಿ ಸುಮಾರು 72 ಗ್ರಾಂ ಇದೆ. ಅನ್ನ ಬಿಟ್ಟೆವೆಂಬ ಧೈರ್ಯದಿಂದ ಎರಡು ಮುದ್ದೆ ನುಂಗಿದರೆ ಫಲವೇನು? ಒಟ್ಟು ಪಿಷ್ಟವನ್ನು ಇಳಿಸದೆ, ಕೇವಲ ಅಕ್ಕಿಯ ಬದಲು ಗೋಧಿಯನ್ನೋ ಸಿರಿಧಾನ್ಯವನ್ನೋ ಬಳಸಿದ ಮಾತ್ರಕ್ಕೆ ಮಧುಮೇಹದ ಅಪಾಯ ತಗ್ಗದೆಂದು 2025ರ ವರದಿಯೂ ತಿಳಿಸಿದೆ. ಪಿಷ್ಟದ ಒಂದು ಅಂಶವನ್ನು ಕಾಳು, ಬೇಳೆ, ಹಾಲು, ಮೊಸರುಗಳ ಸಸಾರಜನಕಕ್ಕೆ ಬಿಟ್ಟುಕೊಟ್ಟಾಗಲೇ ಲಾಭ. ಹಾಗೆಂದು ಕಡಿಮೆಯಾದ ಅನ್ನದ ಜಾಗವನ್ನು ಬಜ್ಜಿ, ಬೋಂಡಗಳಿಂದ ತುಂಬುವುದೂ ಸಲ್ಲದು. ಕೊಬ್ಬಿನ ಒಂದು ಗ್ರಾಮಿನಲ್ಲಿ 9 ಕ್ಯಾಲೊರಿಗಳಿವೆ.

ಒಂದು ಮನೆ, ಎರಡು ಪಥ್ಯ

ಇನ್ನು ಗಾದೆಯ ಉತ್ತರಾರ್ಧಕ್ಕೆ ಬರೋಣ. ಯಜಮಾನರಿಗೆ ಸಕ್ಕರೆ ಕಾಯಿಲೆಯೆಂದು ವೈದ್ಯರು ಹೇಳಿದೊಡನೆ ಅನೇಕ ಮನೆಗಳಲ್ಲಿ ಎರಡು ಬಗೆಯ ಅಡಿಗೆ ಆರಂಭವಾಗುತ್ತದೆ. ಅವರಿಗೆ ಒಣ ಚಪಾತಿ, ಸಪ್ಪೆ ಪಲ್ಯ; ಗೃಹಿಣಿಗೆ ಎಂದಿನ ಅನ್ನ, ನಿನ್ನೆ ಉಳಿದದ್ದು, ಪಾತ್ರೆಯ ತಳದಲ್ಲಿ ಮಿಕ್ಕಿದ್ದು. ಚೆಲ್ಲಲು ಮನಸ್ಸು ಬಾರದೆ ಆಕೆ ಉಂಡ ಆ ಒಂದೊಂದು ತುತ್ತಿನ ಲೆಕ್ಕವನ್ನು ಯಾರೂ ಇಡುವುದಿಲ್ಲ. ಪತಿಯ ರಕ್ತ ಪರೀಕ್ಷೆ ಮೂರು ತಿಂಗಳಿಗೊಮ್ಮೆ ತಪ್ಪದೆ ನಡೆಯುತ್ತದೆ. ಆಕೆಯದು ವರ್ಷಗಳಿಂದ ನಡೆದಿರುವುದಿಲ್ಲ. ಕಾಯಿಲೆ ಪತ್ನಿಗೆ ಬಂದಲ್ಲಿಯಂತೂ ಸ್ಥಿತಿ ಇನ್ನೂ ಕಠಿಣ. ಇತರರಿಗೆ ರುಚಿಯಾಗಿ ಬೇಯಿಸಿ ಬಡಿಸಿ, ತನ್ನ ಪಥ್ಯವನ್ನು ಮಾಡಿಕೊಳ್ಳಲು ಬೇಸತ್ತು, ಆಕೆ ಅದನ್ನೇ ಉಂಡು ಏಳುತ್ತಾಳೆ.

ಈ ವಿಭಜನೆ ವೈದ್ಯಕೀಯ ದೃಷ್ಟಿಯಿಂದಲೂ ತಪ್ಪು. ದಂಪತಿಗಳಿಗೆ ರಕ್ತಸಂಬಂಧವಿಲ್ಲದಿದ್ದರೂ ಅವರ ಒಲೆ ಒಂದೇ, ಅಭ್ಯಾಸಗಳೂ ಒಂದೇ. ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು ಹಲವು ಅಧ್ಯಯನಗಳನ್ನು ಒಗ್ಗೂಡಿಸಿ 2014ರಲ್ಲಿ ಪ್ರಕಟಿಸಿದಂತೆ, ದಂಪತಿಗಳಲ್ಲಿ ಒಬ್ಬರಿಗೆ ಮಧುಮೇಹವಿದ್ದರೆ ಇನ್ನೊಬ್ಬರಿಗೆ ಅದು ಬರುವ ಸಂಭವ ಶೇಕಡಾ 26ರಷ್ಟು ಹೆಚ್ಚು. ಆದುದರಿಂದ ಒಬ್ಬರ ರೋಗನಿದಾನವು ಇಬ್ಬರಿಗೂ ಎಚ್ಚರಿಕೆಯ ಗಂಟೆ. ಪರೀಕ್ಷೆ ಇಬ್ಬರಿಗೂ ಆಗಲಿ. ಅಡಿಗೆ ಇಬ್ಬರಿಗೂ ಒಂದೇ ಇರಲಿ.

ಕೆಲಸವನ್ನೂ ಹಂಚಿಕೊಳ್ಳುವುದು ನ್ಯಾಯ. ಕಾಳು ನೆನೆಹಾಕುವುದು, ಸೊಪ್ಪು ಬಿಡಿಸುವುದು, ಸೌತೆಕಾಯಿ ಹೆಚ್ಚುವುದು ನಿವೃತ್ತರಾದ ಗಂಡಸರಿಗೆ ಕಷ್ಟದ ಕೆಲಸವಲ್ಲ. 'ಇನ್ನೊಂದು ಸೌಟು ಹಾಕಲೇ?' ಎಂಬ ಉಪಚಾರ ನಮ್ಮಲ್ಲಿ ಪ್ರೀತಿಯ ಭಾಷೆ. ಅದೇ ಪ್ರೀತಿ ಪಲ್ಯದ ಸೌಟಿನಲ್ಲಿಯೂ ವ್ಯಕ್ತವಾಗಬಹುದು. ಆದರೆ ಪ್ರತಿ ತುತ್ತಿಗೂ 'ಅದು ಬೇಡ, ಇದು ಬೇಡ' ಎಂದು ಕಾವಲು ಕಾಯುವುದು ಬೇಡ. ಕಾವಲಿಗೆ ಬೇಸತ್ತವರು ಮನೆಯ ಹೊರಗೆ ಹೋಟೆಲಿನಲ್ಲಿ ತಿಂದು ಬರುತ್ತಾರೆ.

ಒಂದು ದಿನದ ಊಟ

ಬೆಳಗ್ಗೆ ಹೆಸರುಕಾಳಿನ ದೋಸೆ ಎರಡು, ಇಲ್ಲವೇ ತರಕಾರಿಯೇ ಹೆಚ್ಚಾಗಿರುವ ಉಪ್ಪಿಟ್ಟು ಒಂದು ಬಟ್ಟಲು ಮತ್ತು ಮೊಸರು. ಮಧ್ಯಾಹ್ನ ಮೊದಲು ಕೋಸಂಬರಿ. ಎಲೆಯ ಮೇಲ್ಭಾಗದಲ್ಲಿ ಚಮಚೆಯಷ್ಟು ಬಡಿಸುವ ಈ ವ್ಯಂಜನವನ್ನು ಬಟ್ಟಲು ತುಂಬ ತಿನ್ನಬೇಕು. ಅನಂತರ ಪಲ್ಯ, ಗಟ್ಟಿಯಾದ ಹುಳಿ ಅಥವಾ ಬಸ್ಸಾರು. ಅದರೊಡನೆ ಒಂದು ಜೋಳದ ರೊಟ್ಟಿ ಅಥವಾ ಒಂದು ಸಣ್ಣ ಬಟ್ಟಲು ಅನ್ನ, ಎರಡರಲ್ಲಿ ಒಂದು ಮಾತ್ರ. ತರಕಾರಿ ಮತ್ತು ಕಾಳುಗಳನ್ನು ಮೊದಲು ತಿಂದು ಅನ್ನವನ್ನು ಕೊನೆಗೆ ಉಂಡರೆ ರಕ್ತದ ಸಕ್ಕರೆ ಒಮ್ಮೆಲೇ ಏರದು. ಸಂಜೆ ಬಿಸ್ಕತ್ತಿನ ಬದಲು ಹುರಿಗಡಲೆ ಅಥವಾ ಒಂದು ಹಿಡಿ ಶೇಂಗಾ. ರಾತ್ರಿ ಮೊಳಕೆ ಹುರುಳಿ ಇಲ್ಲವೇ ಮಡಿಕೆಕಾಳಿನ ಉಸಲಿ, ಸೊಪ್ಪಿನ ತಂಬುಳಿ, ಒಂದು ಚಪಾತಿ, ಮಜ್ಜಿಗೆ. ಮಾಂಸಾಹಾರಿಗಳು ಬಂಗುಡೆ ಮೀನಿನ ಸಾರನ್ನೋ ಮೊಟ್ಟೆಯನ್ನೋ ಸೇರಿಸಿಕೊಳ್ಳಬಹುದು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಸಾರಜನಕವಿದೆ. ಊಟದ ಬಳಿಕ ಇಬ್ಬರೂ ಹತ್ತು ಹದಿನೈದು ನಿಮಿಷ ಜೊತೆಯಾಗಿ ಅಡ್ಡಾಡುವುದು ಉತ್ತಮ.

ಎಚ್ಚರಿಕೆಯ ಮಾತು

ಮಧುಮೇಹಕ್ಕೆ ಔಷಧಿ ಸೇವಿಸುತ್ತಿರುವವರು ವೈದ್ಯರಿಗೆ ತಿಳಿಸದೆ ಅನ್ನವನ್ನು ಹಠಾತ್ತನೆ ಇಳಿಸಬಾರದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆಗಳ ಪ್ರಮಾಣ ಹಿಂದಿನಷ್ಟೇ ಇದ್ದು ಊಟ ಕಡಿಮೆಯಾದರೆ ರಕ್ತದ ಸಕ್ಕರೆ 70 ಮಿಲಿಗ್ರಾಮಿಗಿಂತ ಕೆಳಗಿಳಿಯಬಹುದು. ಕೈ ನಡುಗುವುದು, ಬೆವರು, ವಿಪರೀತ ಹಸಿವು, ತೊದಲುಮಾತು ಇದರ ಲಕ್ಷಣಗಳು. ಎಚ್ಚರವಿರುವಾಗಲೇ ಮೂರು ಚಮಚೆ ಗ್ಲೂಕೋಸ್ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಇಬ್ಬರೇ ಇರುವ ಮನೆಯಲ್ಲಿ ರೋಗಿಯಷ್ಟೇ ಅಲ್ಲ, ಜೊತೆಗಾರರೂ ಇದನ್ನು ತಿಳಿದಿರಲೇಬೇಕು. ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಅತಿ ಕಡಿಮೆ ಪಿಷ್ಟದ ಆಹಾರ ಅಪಾಯಕಾರಿ. ಮೂತ್ರಪಿಂಡದ ತೊಂದರೆಯುಳ್ಳವರು ಸಸಾರಜನಕವನ್ನು ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಬೇಕು.

ಪ್ರಯತ್ನಕ್ಕೆ ಫಲವುಂಟೆಂಬುದಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನವಿದೆ. ಚೆನ್ನೈಯ ಡಾ. ಎ. ರಾಮಚಂದ್ರನ್ ಅವರ ತಂಡವು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಧುಮೇಹದ ಹೊಸ್ತಿಲಲ್ಲಿದ್ದವರು ಆಹಾರ ಮತ್ತು ನಡಿಗೆಯ ಕ್ರಮವನ್ನು ಸುಧಾರಿಸಿಕೊಂಡುದರಿಂದ ರೋಗದ ಸಂಭವ ಶೇಕಡಾ 28ಕ್ಕೂ ಮಿಗಿಲಾಗಿ ತಗ್ಗಿತು.

ಯುಗಾದಿಯ ಹೋಳಿಗೆಯನ್ನಾಗಲೀ, ರಾಜ್ಯೋತ್ಸವದ ಸಹಭೋಜನವನ್ನಾಗಲೀ ಬಿಡಬೇಕೆಂದು ಈ ಲೇಖನದ ಆಶಯವಲ್ಲ. ಹಬ್ಬದ ಹೋಳಿಗೆ ಹಬ್ಬಕ್ಕೇ ಇರಲಿ. ದಿನನಿತ್ಯದ ತಟ್ಟೆಯಲ್ಲಿ ಅನ್ನವು ಅರಸನ ಸ್ಥಾನದಿಂದಿಳಿದು ಪಂಕ್ತಿಯಲ್ಲಿ ಒಬ್ಬನಾಗಿ ಕುಳಿತರೆ ಸಾಕು. ನಾಳೆ ಅಕ್ಕಿ ಅಳೆಯುವಾಗ ದಂಪತಿಗಳಿಬ್ಬರೂ ಒಟ್ಟಿಗೆ ನಿಂತು ಒಂದೊಂದು ಹಿಡಿಯನ್ನು ಡಬ್ಬಿಗೆ ಹಿಂದಿರುಗಿಸಲಿ. ಬಹುಕಾಲ ಜೊತೆಯಾಗಿ ಉಣ್ಣುವ ಭಾಗ್ಯ ನಮ್ಮೆಲ್ಲ ಬಂಧುಗಳಿಗೂ ದೊರೆಯಲೆಂದು ಹಾರೈಸೋಣ.