ಎಂಜಿನ್ನಿನಲ್ಲಿ ಮುರಿದು ಕುಳಿತ ಸ್ಟಡ್: ತೆಗೆಯುವ ಬಗೆ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯ ಮೇಲೆ ಕಡಕೊಳವಿದೆ. ಈ ಭಾಗದ ತರಕಾರಿ, ಬಾಳೆಗೊನೆಗಳು ಬಂಡೀಪಾಳ್ಯದ ಮಾರುಕಟ್ಟೆ ಸೇರುವುದು ಇದೇ ರಸ್ತೆಯಲ್ಲಿ. ಹಿಂದೆ ಎತ್ತಿನ ಗಾಡಿ ಮಾಡುತ್ತಿದ್ದ ಕೆಲಸವನ್ನು ಇಂದು ಹಳೆಯ ಕಾರು, ಜೀಪು, ಸಣ್ಣ ಸಾಮಾನು ಗಾಡಿಗಳು ಮಾಡುತ್ತಿವೆ. ಕೊಯ್ದ ಟೊಮೆಟೊ ಯಾರಿಗೂ ಕಾಯುವುದಿಲ್ಲ. ಅಂಥ ಹೊತ್ತಿನಲ್ಲಿ, ಎಂಜಿನ್ನಿನ ಪಕ್ಕದಲ್ಲಿ ಹೊಗೆ ಸೋರುತ್ತಿದೆಯೆಂದು ನಟ್ಟು ಬಿಚ್ಚಲು ಹೋಗಿ ಸ್ಟಡ್ ಮುರಿದರೆ, ಅಲ್ಪ ಬೆಲೆಯ ಒಂದು ಉಕ್ಕಿನ ತುಂಡು ಇಡೀ ಗಾಡಿಯನ್ನು ಕಟ್ಟಿಹಾಕುತ್ತದೆ. ಅವಸರದಿಂದ ಕೈಹಾಕಿದರೆ ಆ ತುಂಡಿನ ಜೊತೆಗೆ ಸಾವಿರಾರು ರೂಪಾಯಿ ಬಾಳುವ ಹೆಡ್ಡೂ ಕೆಡುತ್ತದೆ. ಆದ್ದರಿಂದ ಈ ಕೆಲಸದ ಕ್ರಮವನ್ನು ಪ್ರತಿಯೊಬ್ಬ ವಾಹನ ಹೊಂದಿದ ರೈತರೂ ತಿಳಿದಿರುವುದು ಒಳ್ಳೆಯದು. ಸ್ವತಃ ಮಾಡದಿದ್ದರೂ, ಮಾಡುವವರು ಸರಿಯಾಗಿ ಮಾಡುತ್ತಿದ್ದಾರೆಯೇ ಎಂದು ನೋಡಿಕೊಳ್ಳಬಹುದು.

ಏಕೆ ಮುರಿಯುತ್ತದೆ?

ಎರಡೂ ತುದಿಗೆ ಥ್ರೆಡ್ ಇರುವ, ತಲೆಯಿಲ್ಲದ ಬೋಲ್ಟೇ ಸ್ಟಡ್. ಒಂದು ತುದಿ ಎಂಜಿನ್ನಿನ ಹೆಡ್ ಅಥವಾ ಬ್ಲಾಕಿನೊಳಗೆ ಕೂತಿರುತ್ತದೆ, ಇನ್ನೊಂದು ತುದಿಗೆ ನಟ್ಟು ಬೀಳುತ್ತದೆ. ಹೊಗೆ ಹೊರಹೋಗುವ ಮ್ಯಾನಿಫೋಲ್ಡಿನ ಸ್ಟಡ್‌ಗಳು ಹೆಚ್ಚಾಗಿ ಮುರಿಯುತ್ತವೆ. ಗಾಡಿ ಓಡಿದಾಗಲೆಲ್ಲ ಅವು ಕಾಯುತ್ತವೆ, ನಿಂತಾಗ ಆರುತ್ತವೆ. ಹೀಗೆ ವರ್ಷಗಟ್ಟಲೆ ಕಾದು ಆರಿ, ತುಕ್ಕು ಹಿಡಿದು, ನಟ್ಟಿಗೂ ಸ್ಟಡ್ಡಿಗೂ ಬೆಸುಗೆ ಹಾಕಿದಂತೆ ಆಗಿರುತ್ತದೆ. ಹೆಡ್ ಅಲ್ಯುಮಿನಿಯಂನದಾದರೆ ಉಕ್ಕಿನ ಸ್ಟಡ್ ಅದರೊಳಗೂ ಕಚ್ಚಿಕೊಳ್ಳುತ್ತದೆ. ಆಗ ಪಾನಾಕ್ಕೆ ಉದ್ದನೆಯ ಪೈಪು ಸಿಕ್ಕಿಸಿ ಎಳೆದರೆ ಮುರಿಯದೆ ಇನ್ನೇನಾದೀತು?

ಮೊದಲು ಒಂದು ಪ್ರಶ್ನೆ

ಸ್ಟಡ್ ಮುರಿದದ್ದು ಬಿಗಿ ಮಾಡುವಾಗಲೋ, ಬಿಚ್ಚುವಾಗಲೋ? ಇದನ್ನು ಮೊದಲು ವಿಚಾರಿಸಿ. ಹೊಸ ಸ್ಟಡ್ ಅತಿಯಾಗಿ ಬಿಗಿ ಮಾಡಿದ್ದರಿಂದ ಮುರಿದಿದ್ದರೆ ಒಳಗಿನ ಥ್ರೆಡ್ ಕಚ್ಚಿರುವುದಿಲ್ಲ. ಎಳೆತ ಬಿಟ್ಟುಹೋದ ಕಾರಣ ತುಂಡು ಬಹುಪಾಲು ಸುಲಭವಾಗಿ ತಿರುಗಿ ಬರುತ್ತದೆ. ಬಿಚ್ಚುವಾಗ ಮುರಿದಿದ್ದರೆ ಕಥೆಯೇ ಬೇರೆ. ಇಡೀ ಸ್ಟಡ್ ಇದ್ದಾಗಲೇ ಬಾರದ್ದು, ಅರ್ಧ ಉಳಿದಾಗ ಬರೀ ಬಲಕ್ಕೆ ಬಾರದು. ಕಚ್ಚಿಕೊಂಡದ್ದನ್ನು ಮೊದಲು ಸಡಿಲಿಸಬೇಕು, ಆಮೇಲೆ ತಿರುಗಿಸಬೇಕು.

ಎಣ್ಣೆ ಮತ್ತು ಶಾಖ

ಉಳಿದ ನಟ್ಟುಗಳಿಗೂ ತುಕ್ಕು ಬಿಡಿಸುವ ಎಣ್ಣೆ ಹಾಕಿ, ನಿಧಾನವಾಗಿ ಬಿಚ್ಚಿ, ಮ್ಯಾನಿಫೋಲ್ಡನ್ನು ಕಳಚಿ. ಎಷ್ಟೋ ಬಾರಿ ಹೊರಗಿನಿಂದ ಕಾಣದ ತುಂಡು, ಮ್ಯಾನಿಫೋಲ್ಡ್ ತೆಗೆದ ಮೇಲೆ ಬೆರಳು ದಪ್ಪದಷ್ಟು ಹೊರಗೆ ಇರುವುದು ಕಂಡುಬರುತ್ತದೆ. ತಂತಿ ಬ್ರಷ್‌ನಿಂದ ತುಕ್ಕು ಉಜ್ಜಿ, ಸ್ಟಡ್ಡಿನ ಬುಡಕ್ಕೆ ಎಣ್ಣೆ ಬಿಡಿ. ಅಂಗಡಿಯ ಎಣ್ಣೆ ಸಿಗದಿದ್ದರೆ ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್ ಎಣ್ಣೆಯನ್ನು ಸಮಪಾಲು ಬೆರೆಸಿ ಬಳಸುವವರಿದ್ದಾರೆ. ಇದು ಬೇಗ ಬೆಂಕಿ ಹಿಡಿಯುವ ವಸ್ತು, ಜೋಕೆ. ಎಣ್ಣೆ ಹಾಕಿ ಸ್ಟಡ್ಡಿನ ತುದಿಗೆ ಸುತ್ತಿಗೆಯಿಂದ ಹಗುರವಾಗಿ ತಟ್ಟಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮತ್ತೊಮ್ಮೆ ಹಾಕಿ.

ಅಷ್ಟಕ್ಕೂ ಬಗ್ಗದಿದ್ದರೆ ಶಾಖ ಕೊಡಬೇಕು. ಅದಕ್ಕೆ ಮೊದಲು ಹಾಕಿದ ಎಣ್ಣೆಯನ್ನು ಪೂರ್ತಿ ಒರೆಸಿ ಒಣಗಿಸಿ. ಬ್ಯಾಟರಿ ತಂತಿ ಕಳಚಿ. ಪೆಟ್ರೋಲ್, ಡೀಸೆಲ್ ಪೈಪುಗಳು ಹತ್ತಿರವಿದ್ದರೆ ಬೆಂಕಿಯ ಯೋಚನೆಯನ್ನೇ ಬಿಡಿ. ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ. ಅಲ್ಯುಮಿನಿಯಂ ಕಾದಾಗ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಆದ್ದರಿಂದ ಅಂಥ ಹೆಡ್ಡಿಗೆ, ಸ್ಟಡ್ಡಿನ ಸುತ್ತ ಶಾಖ ಕೊಟ್ಟರೆ ತೂತು ಅಗಲವಾಗಿ ಹಿಡಿತ ಸಡಿಲವಾಗುತ್ತದೆ. ಆದರೆ ಅಲ್ಯುಮಿನಿಯಂ ಕಬ್ಬಿಣದಂತೆ ಕೆಂಪಗಾಗಿ ಎಚ್ಚರಿಸುವುದಿಲ್ಲ. ಏಕಾಏಕಿ ಕರಗಿ ಕುಸಿಯುತ್ತದೆ. ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಬೇಕು. ಜ್ವಾಲೆ ಸರಿಸಿದ ಮೇಲೆ ಮೇಣದಬತ್ತಿಯನ್ನು ಸ್ಟಡ್ಡಿನ ಬುಡಕ್ಕೆ ತಾಗಿಸಿದರೆ ಕರಗಿದ ಮೇಣ ಥ್ರೆಡ್ಡಿನೊಳಕ್ಕೆ ಇಳಿಯುತ್ತದೆ. ಕಾದ ಎಂಜಿನ್ನಿಗೆ ನೀರು ಎರಚಬೇಡಿ, ಬಿರುಕು ಬಿಡುವುದು.

ತುದಿ ಹೊರಗಿದ್ದರೆ

ಸ್ಟಡ್ಡಿಗೆ ಎರಡು ನಟ್ಟು ಹಾಕಿ, ಒಂದಕ್ಕೊಂದು ಎದುರಾಗಿ ಬಿಗಿ ಮಾಡಿ, ಒಳಗಿನ ನಟ್ಟನ್ನು ಪಾನಾದಿಂದ ಎಡಕ್ಕೆ ತಿರುಗಿಸಿ. ಥ್ರೆಡ್ ಹಾಳಾಗಿದ್ದರೆ ವೈಸ್ ಗ್ರಿಪ್ಪಿನಿಂದ ಹಿಡಿಯಬಹುದು. ಒಂದೇ ಸಮನೆ ಎಳೆಯಬೇಡಿ. ಕಾಲು ಸುತ್ತು ಬಿಚ್ಚಿ, ಸ್ವಲ್ಪ ಹಿಂದಕ್ಕೆ ತಿರುಗಿಸಿ, ಮತ್ತೆ ಬಿಚ್ಚಿ. ಹೀಗೆ ಹಿಂದೆ ಮುಂದೆ ಆಡಿಸಿದರೆ ತುಕ್ಕಿನ ಪುಡಿ ಉದುರಿ ದಾರಿ ತೆರೆಯುತ್ತದೆ.

ಮಟ್ಟಕ್ಕೆ ಮುರಿದಿದ್ದರೆ

ತುಂಡಿನ ಮೇಲೆ ಒಂದು ನಟ್ಟನ್ನಿಟ್ಟು, ಅದರ ತೂತಿನ ಮೂಲಕ ನಟ್ಟನ್ನೂ ತುಂಡನ್ನೂ ಸೇರಿಸಿ ವೆಲ್ಡಿಂಗ್ ಮಾಡಿಸುವುದು ಬಹಳ ಒಳ್ಳೆಯ ಉಪಾಯ. ಹಿಡಿಯಲು ಹೊಸ ತಲೆಯೂ ಸಿಕ್ಕಿತು, ವೆಲ್ಡಿಂಗ್ ಶಾಖಕ್ಕೆ ತುಕ್ಕೂ ಬಿಟ್ಟಿತು. ಕೆಂಪು ಆರಿದ ಮೇಲೆ, ಬಿಸಿ ಇರುವಾಗಲೇ ನಿಧಾನವಾಗಿ ತಿರುಗಿಸಬೇಕು. ಮೊದಲ ಸಲ ಬೆಸುಗೆ ಕಿತ್ತು ಬಂದರೆ ನಿರಾಶರಾಗದೆ ಇನ್ನೊಮ್ಮೆ ಮಾಡಿಸಿ. ಈಗಿನ ಕಾರುಗಳಲ್ಲಿ ಎಲೆಕ್ಟ್ರಾನಿಕ್ ಪೆಟ್ಟಿಗೆ ಇರುವುದರಿಂದ ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ಎರಡೂ ತಂತಿ ಕಳಚಿರಬೇಕು.

ಒಳಗೆ ಮುರಿದಿದ್ದರೆ

ಇನ್ನು ಉಳಿದದ್ದು ಡ್ರಿಲ್ಲಿಂಗ್. ಇಲ್ಲಿ ಎಲ್ಲವೂ ನಡುಬಿಂದುವಿನ ಮೇಲೆ ನಿಂತಿದೆ. ತುಂಡಿನ ಮುಖ ಸಮವಾಗಿಲ್ಲದಿದ್ದರೆ ಮೊದಲು ಸಮ ಮಾಡಿ, ಸರಿಯಾಗಿ ಮಧ್ಯಕ್ಕೆ ಪಂಚಿನ ಗುರುತು ಹಾಕಿ, ೩ ಮಿ.ಮೀ. ಬಿಟ್‌ನಿಂದ ನೇರವಾಗಿ ಕೊರೆಯಬೇಕು. ಸ್ವಲ್ಪ ವಾಲಿದರೂ ಬಿಟ್ ಮೆತ್ತನೆಯ ಅಲ್ಯುಮಿನಿಯಂ ಕಡೆಗೆ ಜಾರಿ ಥ್ರೆಡ್ಡನ್ನು ತಿನ್ನುತ್ತದೆ. ಎಡಕ್ಕೆ ತಿರುಗುವ ಬಿಟ್ ಸಿಕ್ಕರೆ, ಕೊರೆಯುತ್ತಿರುವಾಗಲೇ ತುಂಡು ತಾನಾಗಿ ಬಿಚ್ಚಿ ಬರುವುದೂ ಉಂಟು. ಹತ್ತಿರದ ತೂತುಗಳಿಗೆ ಬಟ್ಟೆ ತುರುಕಿ, ಕಬ್ಬಿಣದ ಪುಡಿ ಎಂಜಿನ್ ಒಳಗೆ ಬೀಳದಂತೆ ನೋಡಿಕೊಳ್ಳಿ. ತುಂಡಿನ ಉದ್ದವನ್ನು ಮೀರಿ ಕೊರೆಯಬೇಡಿ, ಆಚೆ ನೀರಿನ ದಾರಿ ಇರಬಹುದು. ಕಣ್ಣಿಗೆ ಕನ್ನಡಕ ಕಡ್ಡಾಯ.

ಎಲ್ಲಿ ನಿಲ್ಲಿಸಬೇಕು?

ಕೊರೆದ ತೂತಿಗೆ ಎಕ್ಸ್‌ಟ್ರಾಕ್ಟರ್ ಎಂಬ ಸಾಧನ ಸಿಕ್ಕಿಸಿ ತಿರುಗಿಸುವ ಪದ್ಧತಿ ಇದೆ. ತುಂಡು ಸಡಿಲವಿದ್ದರೆ ಇದು ಸರಿ. ಕಚ್ಚಿಕೊಂಡಿದ್ದರೆ ಈ ಸಾಧನವೇ ಮುರಿದು ಒಳಗೆ ಕೂರುತ್ತದೆ. ಅದು ಗಟ್ಟಿ ಉಕ್ಕು, ಸಾಮಾನ್ಯ ಬಿಟ್‌ಗೆ ಬಗ್ಗುವುದಿಲ್ಲ. ಕಾಲಿನ ಮುಳ್ಳು ತೆಗೆಯಲು ಹೋದ ಸೂಜಿ ಕಾಲಲ್ಲೇ ಮುರಿದಂತಾಗುತ್ತದೆ. ಕೈಯಳತೆಯ ಬಲಕ್ಕೆ ತಿರುಗದಿದ್ದರೆ ಅಲ್ಲಿಗೇ ನಿಲ್ಲಿಸಿ. ಹೆಡ್ ಬಿಚ್ಚಿಸಿ ಲೇತ್ ಅಂಗಡಿಗೆ ಒಯ್ಯಿರಿ. ಅವರು ಯಂತ್ರದಲ್ಲಿ ನೇರ ಹಿಡಿದು ಕೊರೆಯುತ್ತಾರೆ. ೮ ಮಿ.ಮೀ. ಸ್ಟಡ್ ಆದರೆ ೬.೮ ಮಿ.ಮೀ.ವರೆಗೆ ಕೊರೆದು, ಉಳಿದ ಸಿಪ್ಪೆ ತೆಗೆದು, ಹಳೆಯ ಥ್ರೆಡ್ಡನ್ನೇ ಟ್ಯಾಪಿನಿಂದ ಶುದ್ಧಮಾಡಬಹುದು. ಥ್ರೆಡ್ ಕೆಟ್ಟಿದ್ದರೆ ಉಕ್ಕಿನ ತಂತಿಯ ಸುರುಳಿ ಕೂರಿಸಿ ಮೊದಲಿನ ಅಳತೆಗೇ ತರುತ್ತಾರೆ. ಇದಕ್ಕಾಗಿ ಹೆಡ್ ಎಸೆಯಬೇಕಾಗಿಲ್ಲ.

ಹೊಸ ಸ್ಟಡ್ ಹಾಕುವಾಗ

ತೂತನ್ನು ಚೆನ್ನಾಗಿ ಶುಚಿಗೊಳಿಸಿ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ, ನೀರು ನಿಂತಿರಬಾರದು. ಸ್ಟಡ್ ಇಳಿದಂತೆ ಆ ದ್ರವ ಹೋಗಲು ಜಾಗವಿಲ್ಲದೆ ಲೋಹವನ್ನೇ ಸೀಳಬಲ್ಲದು. ಮ್ಯಾನಿಫೋಲ್ಡ್ ಸ್ಟಡ್ಡಿಗೆ ತಾಮ್ರದ ಪುಡಿ ಬೆರೆತ, ಶಾಖ ತಡೆಯುವ ಗ್ರೀಸ್ ತೆಳ್ಳಗೆ ಸವರಿ, ಕೈಯಿಂದಲೇ ಇಳಿಸಿ. ಹೊಸ ಗ್ಯಾಸ್ಕೆಟ್ ಹಾಕಿ. ನಟ್ಟುಗಳನ್ನು ನಡುವಿನಿಂದ ಅಂಚಿಗೆ, ಎರಡು ಮೂರು ಸುತ್ತಿನಲ್ಲಿ, ಕಂಪನಿಯ ಪುಸ್ತಕ ಹೇಳಿದಷ್ಟೇ ಬಿಗಿ ಮಾಡಿಸಿ. ಅಳತೆ ತೋರಿಸುವ ಟಾರ್ಕ್ ಪಾನಾ ಇಲ್ಲದ ಕಡೆ ಈ ಕೆಲಸ ಬೇಡ.

ರೈತ ಬಾಂಧವರೇ, ಹೊಗೆ ಸೋರುವ ಸದ್ದು ಕೇಳಿದ ವಾರವೇ, ಕೊಯ್ಲಿಗೆ ಮೊದಲೇ ಗಾಡಿಯನ್ನು ತೋರಿಸಿ. ಬಿಡುವಿನ ದಿನಗಳಲ್ಲಿ ಎಣ್ಣೆ ಹಾಕಿ ಒಂದು ರಾತ್ರಿ ಕಾಯಬಹುದು. ಸರಕು ತುಂಬಿ ನಿಂತ ಗಾಡಿಗೆ ಆ ಒಂದು ರಾತ್ರಿ ಸಿಗುವುದಿಲ್ಲ.